ಮೂವತ್ತಾರು ದಿನಗಳ ಲೆಕ್ಕ

ಡಿಸೆಂಬರ್ ಕೊನೆಯ ವಾರದಲ್ಲಿ ನಮ್ಮ ಹಾಸ್ಟೆಲು ಅರ್ಧ ಖಾಲಿ. ಮೆಸ್ಸಿನಲ್ಲಿ ಮಧ್ಯಾಹ್ನದ ಸಾರೇ ರಾತ್ರಿಗೂ. ಇಂಥ ದಿನಗಳಲ್ಲಿ ಮುಂದಿನ ವರ್ಷದ ಬಗ್ಗೆ ದೊಡ್ಡ ದೊಡ್ಡ ಯೋಚನೆಗಳು ಬರುತ್ತವೆ. ಹೋದ ವರ್ಷ ಇದೇ ಕೋಣೆಯಲ್ಲಿ, ಇದೇ ಮೇಜಿನ ಮುಂದೆ ಕೂತು ಡೈರಿಯ ಮೊದಲ ಪುಟದಲ್ಲಿ ನಾನು ಬರೆದುಕೊಂಡದ್ದು ಇಷ್ಟು: ದಿನಕ್ಕೊಂದು ಫೋಟೋ. ತಿಂಗಳಿಗೆ ನಾಲ್ಕು ಊರು. ವರ್ಷ ಮುಗಿಯುವುದರೊಳಗೆ ನಲವತ್ತು ದೇವಸ್ಥಾನ. ಒಂದು ಒಳ್ಳೆಯ ಲೆನ್ಸು.

ದಿನಕ್ಕೊಂದು ಫೋಟೋ ಜನವರಿ 19ಕ್ಕೆ ನಿಂತಿತು. ನಲವತ್ತರಲ್ಲಿ ಹನ್ನೊಂದು ದೇವಸ್ಥಾನ ಆಯಿತು. ಲೆನ್ಸಿಗೆಂದು ಎತ್ತಿಟ್ಟ ದುಡ್ಡು ಫೆಲೋಶಿಪ್ ತಡವಾದ ತಿಂಗಳಲ್ಲಿ ಮೆಸ್ ಬಿಲ್ಲಿಗೆ ಹೋಯಿತು. ಹಾಗಂತ ಫೋಟೋಗಳಿಗೇನೂ ಕೊರತೆ ಇಲ್ಲ. ಹಾರ್ಡ್ ಡಿಸ್ಕಿನಲ್ಲಿ ಈ ವರ್ಷದ ಫೋಲ್ಡರ್ ತೆರೆದರೆ 13,846 ಫೋಟೋಗಳಿವೆ. ‘ಇದರಲ್ಲಿ ಪ್ರಬಂಧಕ್ಕೆ ಬರೋದು ಎಷ್ಟಮ್ಮ?’ ಎಂದು ಗೈಡ್ ಮೇಡಂ ಕೇಳಿದರು. ಎರಡು ದಿನ ಕೂತು ಆರಿಸಿದೆ. 62 ಸಿಕ್ಕವು. ಅರವತ್ತಮೂರನೆಯದೊಂದು ಇರಬೇಕಿತ್ತು, ಅದು ಇಲ್ಲ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನನ್ನ ಸಂಶೋಧನೆ ಹತ್ತೊಂಬತ್ತನೆಯ ಶತಮಾನದಲ್ಲಿ ಕರ್ನಾಟಕದ ಸ್ಮಾರಕಗಳನ್ನು ತೆಗೆದ ಫೋಟೋಗಳ ಬಗ್ಗೆ. ಅವುಗಳನ್ನು ಚರಿತ್ರೆಯ ಆಕರವಾಗಿ ಹೇಗೆ ಓದಬಹುದು ಎನ್ನುವುದು ಪ್ರಶ್ನೆ. ಅದರ ಜೊತೆಗೆ, ಅವರು ನಿಂತ ಜಾಗದಲ್ಲೇ ಇವತ್ತು ನಿಂತು ಅದೇ ನೋಟವನ್ನು ಮತ್ತೆ ತೆಗೆಯುವುದು ನನ್ನ ಕೆಲಸದ ಒಂದು ಭಾಗ. ಹಾಗಾಗಿ ಮುಂದಿನ ವರ್ಷದ ಪಟ್ಟಿ ಮಾಡಲು ಕೂತಾಗ, ಈ ಸಲ ನನ್ನ ಆಸೆಗಳಿಂದ ಶುರು ಮಾಡುವುದು ಬೇಡ, ಅವರು ತಮ್ಮ ವರ್ಷವನ್ನು ಹೇಗೆ ಲೆಕ್ಕ ಹಾಕುತ್ತಿದ್ದರು ನೋಡೋಣ ಅನ್ನಿಸಿತು.

ಲಿನೇಯಸ್ ಟ್ರೈಪ್ ಎಂಬವನೊಬ್ಬ. ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೈನ್ಯದ ಅಧಿಕಾರಿ. ರಜೆಯಲ್ಲಿ ಇಂಗ್ಲೆಂಡಿಗೆ ಹೋದಾಗ ಫೋಟೋಗ್ರಫಿಯ ಹುಚ್ಚು ಹತ್ತಿಸಿಕೊಂಡು, 1854ರಲ್ಲಿ ಬೆಂಗಳೂರಿಗೆ ಮರಳಿದ. ಆ ವರ್ಷದ ಡಿಸೆಂಬರಿನಲ್ಲೇ ಆಂಡ್ರ್ಯೂ ನೀಲ್ ಎಂಬ ವೈದ್ಯನ ಜೊತೆ ಹಳೇಬೀಡು, ಬೇಲೂರುಗಳ ಕಡೆ ಹೊರಟ. ಮರುವರ್ಷ ಮದರಾಸಿನಲ್ಲಿ ನಡೆದ ದೊಡ್ಡ ಪ್ರದರ್ಶನದಲ್ಲಿ ಅವನ 68 ಫೋಟೋಗಳಿದ್ದವು. ಅದುವರೆಗೆ ಯಾರೂ ಕ್ಯಾಮೆರಾ ಹಿಡಿಯದಿದ್ದ ದೇವಸ್ಥಾನಗಳು. ಅದೇ 1855ರಲ್ಲಿ ಕಂಪನಿಯ ನಿರ್ದೇಶಕರು ಒಂದು ತೀರ್ಮಾನಕ್ಕೆ ಬಂದಿದ್ದರು: ಸ್ಮಾರಕಗಳ ಚಿತ್ರ ಬರೆಸಲು ಕಲಾವಿದರಿಗೆ ದುಡ್ಡು ಸುರಿಯುವ ಬದಲು ಫೋಟೋ ತೆಗೆಸುವುದು ಮೇಲು. ಬೊಂಬಾಯಿ ಸರ್ಕಾರ ಥಾಮಸ್ ಬಿಗ್ಸ್ ಎಂಬ ಅಧಿಕಾರಿಯನ್ನು ವಿಜಾಪುರ, ಬಾದಾಮಿ, ಐಹೊಳೆ ಕಡೆಗೆ ಕಳಿಸಿತು. ಅವನ ನಂತರ ಆ ಕೆಲಸ ಪಿಗೊ ಎಂಬ ವೈದ್ಯನ ಕೈಗೆ ಹೋಯಿತು. ಬಿಗ್ಸ್, ಪಿಗೊ, ನೀಲ್ ಮೂವರ ಚಿತ್ರಗಳು ಸೇರಿ 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಮೇಲೆ ಒಂದು ದೊಡ್ಡ ಪುಸ್ತಕವಾಯಿತು. ಸುರಪುರದ ಕಥೆಯಿಂದ ನಮಗೆಲ್ಲ ಗೊತ್ತಿರುವ ಮೆಡೋಸ್ ಟೇಲರ್ ಅದಕ್ಕೆ ಚರಿತ್ರೆಯ ಭಾಗ ಬರೆದ, ಜೇಮ್ಸ್ ಫರ್ಗ್ಯುಸನ್ ವಾಸ್ತುವಿನ ಟಿಪ್ಪಣಿ ಬರೆದ. ನಾನು ಮೊದಲು ಕಂಡ ಹಳೆಯ ಹಳೇಬೀಡು ಆ ಪುಸ್ತಕದ್ದು.

ಟ್ರೈಪ್‌ಗೆ ಬರುತ್ತೇನೆ. 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಬರ್ಮಾದ ದೊರೆ ಮಿಂಡೋನನ ಆಸ್ಥಾನಕ್ಕೆ ಒಂದು ನಿಯೋಗ ಕಳಿಸಿದ. ಮೂರು ವರ್ಷದ ಹಿಂದಷ್ಟೇ ಯುದ್ಧ ಮಾಡಿ ಪೆಗು ಸೀಮೆಯನ್ನು ಕಿತ್ತುಕೊಂಡವರು, ಈಗ ಸ್ನೇಹದ ಮಾತಾಡಲು ಹೋದವರು. ಆ ನಿಯೋಗದ ಜೊತೆ ಫೋಟೋಗ್ರಾಫರನಾಗಿ ಟ್ರೈಪ್ ಹೋದ. ತಿಂಗಳುಗಟ್ಟಲೆಯ ಪ್ರಯಾಣ. ಆದರೆ ಮಳೆ, ಮೋಡ, ಕಾಯಿಲೆ, ಆಸ್ಥಾನದ ಶಿಷ್ಟಾಚಾರ ಎಲ್ಲವನ್ನೂ ಕಳೆದರೆ ನಿಜವಾಗಿ ಕೆಲಸಕ್ಕೆ ದಕ್ಕಿದ್ದು 36 ದಿನ ಎಂದು ಅವನೇ ಲೆಕ್ಕ ಕೊಟ್ಟಿದ್ದಾನೆ. ಆ 36 ದಿನಗಳಲ್ಲಿ 200ಕ್ಕೂ ಹೆಚ್ಚು ನೆಗೆಟಿವ್. ಬೆಂಗಳೂರಿಗೆ ಬಂದು ಅವುಗಳಲ್ಲಿ 120 ಆರಿಸಿ, ಒಂದೊಂದನ್ನೂ 50 ಪ್ರತಿ ಮುದ್ರಿಸಿದ. ಅಂದರೆ 6,000 ಚಿತ್ರ, ಒಂದೊಂದನ್ನೂ ಬಿಸಿಲಿಗಿಟ್ಟು.

36 ಎಂಬ ಆ ಸಂಖ್ಯೆ ನನ್ನನ್ನು ಹಿಡಿದುಕೊಂಡಿತು. ಅವನು ಎಷ್ಟು ತೆಗೆದ ಎಂಬುದಲ್ಲ. ಸರ್ಕಾರಕ್ಕೆ ಒಪ್ಪಿಸುವ ಆಲ್ಬಮ್ಮಿನ ಜೊತೆ ತನಗೆ ಕೆಲಸಕ್ಕೆ ಒದಗಿದ ದಿನಗಳೆಷ್ಟು ಎಂದೂ ಬರೆದಿಟ್ಟ ಎಂಬುದು. ನನ್ನ ಪಟ್ಟಿಯಲ್ಲಿ ಎಲ್ಲಿಗೆ ಹೋಗಬೇಕು ಅಂತಿತ್ತು, ಏನು ಕೊಳ್ಳಬೇಕು ಅಂತಿತ್ತು. ಎಷ್ಟು ದಿನ ಇವೆ ಎಂಬ ಸಾಲೇ ಇರಲಿಲ್ಲ.

ಅವರ ಹತ್ತಿರ ಈ ಲೆಕ್ಕ ತಪ್ಪಿಸುವ ಹಾಗೇ ಇರಲಿಲ್ಲ ಅನ್ನಿ. ಆಗಿನ ಮೇಣದ ಕಾಗದದ ವಿಧಾನ ಹೀಗೆ: ತೆಳ್ಳಗಿನ ಕಾಗದಕ್ಕೆ ಬಿಸಿ ಜೇನುಮೇಣ ಹೀರಿಸಬೇಕು. ಅದನ್ನು ಅಯೋಡೈಡ್ ದ್ರಾವಣದಲ್ಲಿ ನೆನೆಸಿ ಒಣಗಿಸಬೇಕು. ಆಮೇಲೆ ಕತ್ತಲೆಯಲ್ಲಿ ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿ, ತೊಳೆದು, ಮತ್ತೆ ಒಣಗಿಸಬೇಕು. ಈ ಕಾಗದವನ್ನು ಕೆಲವು ದಿನ ಇಟ್ಟುಕೊಳ್ಳಬಹುದು, ಹಾಗಾಗಿ ಪ್ರಯಾಣಕ್ಕೆ ಅನುಕೂಲ. ಗಾಜಿನ ಮೇಲೆ ಕೊಲೋಡಿಯನ್ ಬಳಿಯುವ ಇನ್ನೊಂದು ವಿಧಾನದಲ್ಲಾದರೆ ಪ್ಲೇಟು ಹಸಿ ಇರುವಾಗಲೇ ಚಿತ್ರ ತೆಗೆದು, ಅಲ್ಲೇ ಪಕ್ಕದ ಡೇರೆಯಲ್ಲಿ ಡೆವಲಪ್ ಮಾಡಿ ಮುಗಿಸಬೇಕಿತ್ತು. ಕಾಗದವನ್ನು ಕ್ಯಾಮೆರಾದಲ್ಲಿಟ್ಟು ನಿಮಿಷಗಟ್ಟಲೆ ಬೆಳಕು ಕೊಟ್ಟ ಮೇಲೆ, ರಾತ್ರಿ ಬಿಡಾರದಲ್ಲಿ ಗ್ಯಾಲಿಕ್ ಆಮ್ಲದಲ್ಲಿ ಮುಳುಗಿಸಿ ಚಿತ್ರ ಮೂಡುವುದನ್ನು ಗಂಟೆಗಟ್ಟಲೆ ಕಾಯಬೇಕು. ನಮ್ಮ ಕಡೆಯ ಸೆಕೆಯಲ್ಲಿ ಮೇಣ ಮೆತ್ತಗಾಗುತ್ತಿತ್ತು, ದ್ರಾವಣ ಕೆಡುತ್ತಿತ್ತು. ಆ ರಾಸಾಯನಿಕಕ್ಕೆ ನೀಲಿ ಬೆಳಕೆಂದರೆ ಅತಿ ಪ್ರೀತಿ, ಹಾಗಾಗಿ ಆಕಾಶವೆಲ್ಲ ಬರೀ ಬಿಳಿಯಾಗಿ ಬರುತ್ತಿತ್ತು. ಟ್ರೈಪ್ ತನ್ನ ನೆಗೆಟಿವ್‌ಗಳ ಮೇಲೆ ಕುಂಚದಿಂದ ಮೋಡ ಬರೆಯುತ್ತಿದ್ದ. ಮೊಬೈಲಿನಲ್ಲಿ ಆಕಾಶ ಬದಲಾಯಿಸುವ ನನ್ನ ರೂಮ್‌ಮೇಟನ್ನು ಗೇಲಿ ಮಾಡುತ್ತಿದ್ದವಳು ಇದು ಗೊತ್ತಾದ ಮೇಲೆ ಸುಮ್ಮನಾದೆ.

ಮದರಾಸು ಸರ್ಕಾರ ಟ್ರೈಪ್‌ನನ್ನು ತನ್ನ ಅಧಿಕೃತ ಫೋಟೋಗ್ರಾಫರನನ್ನಾಗಿ ಮಾಡಿಕೊಂಡಿತು. 1857ರ ಡಿಸೆಂಬರ್ ಮಧ್ಯದಲ್ಲಿ, ಉತ್ತರದಲ್ಲಿ ದಂಗೆಯ ಬೆಂಕಿ ಇನ್ನೂ ಆರಿರದಿದ್ದಾಗ, ಅವನು ಬೆಂಗಳೂರಿನಿಂದ ಎತ್ತಿನ ಗಾಡಿಗಳಲ್ಲಿ ಸಾಮಾನು ಹೇರಿಕೊಂಡು ತಮಿಳು ಸೀಮೆಗೆ ಹೊರಟ. ಶ್ರೀರಂಗ, ಮದುರೆ, ಪುದುಕೋಟೆ, ತಂಜಾವೂರು. ಸುಮಾರು ನಾಲ್ಕೂವರೆ ತಿಂಗಳು. ಡಿಸೆಂಬರಿನಿಂದ ಏಪ್ರಿಲ್ ಎಂಬ ಆಯ್ಕೆಯಲ್ಲೇ ಒಂದು ಯೋಜನೆ ಇದೆ: ಮಳೆ ಮುಗಿದಿರುತ್ತದೆ, ಸೆಕೆ ಇನ್ನೂ ಏರಿರುವುದಿಲ್ಲ.

ತಂಜಾವೂರಿನಲ್ಲಿ ಅವನು ಮಾಡಿದ ಒಂದು ಕೆಲಸವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಬೃಹದೀಶ್ವರ ದೇವಾಲಯದ ಅಧಿಷ್ಠಾನದ ಸುತ್ತ ಶಾಸನಗಳಿವೆಯಲ್ಲ, ಅವುಗಳನ್ನು ತುಂಡು ತುಂಡಾಗಿ ತೆಗೆದು 21 ಚಿತ್ರಗಳನ್ನು ಒಂದಕ್ಕೊಂದು ಅಂಟಿಸಿದ. ಸುರುಳಿ ಬಿಡಿಸಿದರೆ ಸುಮಾರು 19 ಅಡಿ. ಗೋಪುರ ಇಲ್ಲ, ಆನೆ ಇಲ್ಲ, ಆಕಾಶವೂ ಇಲ್ಲ. ಬರೀ ಕಲ್ಲಿನ ಮೇಲಿನ ಅಕ್ಷರ. ತನಗೆ ಓದಲು ಬಾರದ ಲಿಪಿಗೆ, ಇನ್ಯಾರೋ ಓದಲಿ ಎಂದು, ಅಷ್ಟು ಕಾಗದ, ಅಷ್ಟು ಬೆಳ್ಳಿ ಸುರಿಯಬೇಕಾದರೆ ಏನೋ ಇರಬೇಕು. 1859ರಲ್ಲಿ ಮದರಾಸಿಗೆ ಹೊಸ ಗವರ್ನರ್ ಆಗಿ ಬಂದ ಚಾರ್ಲ್ಸ್ ಟ್ರೆವೆಲ್ಯಾನ್ ಇದೆಲ್ಲ ದುಬಾರಿ ವಿಲಾಸ ಎಂದು ನಿಲ್ಲಿಸಿಬಿಟ್ಟ. ಟ್ರೈಪ್ ಅಲ್ಲಿಂದಾಚೆ ಕ್ಯಾಮೆರಾದಲ್ಲಿ ಹೆಚ್ಚೇನೂ ಮಾಡಲಿಲ್ಲ. ಸರ್ಕಾರಿ ಅನುದಾನ ನಿಂತುಹೋದ ಮೇಲೆ ಸಂಶೋಧಕರು ಏನಾಗುತ್ತಾರೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಅಕ್ಷರದ ಫೋಟೋ ಎಂದರೆ ಕನ್ನಡದ ವಿದ್ಯಾರ್ಥಿಗಳಾದ ನಾವು ಮೇಜರ್ ಡಿಕ್ಸನ್‌ನನ್ನು ನೆನೆಯಬೇಕು. 1865ರಲ್ಲಿ ಮೈಸೂರು ಸಂಸ್ಥಾನದ ಸುಮಾರು 150 ಶಾಸನಗಳ ಫೋಟೋಗಳನ್ನು ಅವನು ತೆಗೆದ. ಆಗ ಕಮಿಷನರ್ ಆಗಿದ್ದವನು ಬೌರಿಂಗ್. ಆ ಫೋಟೋಗಳನ್ನು ಓದಿ ಅನುವಾದ ಮಾಡುವ ಕೆಲಸ ಬಿ. ಎಲ್. ರೈಸ್ ಎಂಬ ಯುವ ಅಧಿಕಾರಿಯ ಪಾಲಿಗೆ ಬಂತು. 1879ರಲ್ಲಿ ಅವನ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಹೊರಬಂದದ್ದು ಈ ದಾರಿಯಲ್ಲಿ. ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳೆಲ್ಲ ಇದರ ಮುಂದಿನ ಕಥೆ. ನಾವು ಎಂ.ಎ.ಯಲ್ಲಿ ಬಾಯಿಪಾಠ ಮಾಡಿದ ರಾಜರು, ದಂಡನಾಯಕರು, ತುರು ಕಾದು ಸತ್ತ ಹಳ್ಳಿಗರು, ಇವರಲ್ಲಿ ಎಷ್ಟೋ ಜನ ಮೊದಲು ಕಲ್ಲಿನಿಂದ ಎದ್ದು ಫೋಟೋಗೆ ಬಂದು, ಅಲ್ಲಿಂದ ಪುಸ್ತಕಕ್ಕೆ ಬಂದವರು. ನಾನು ಪ್ರಬಂಧದ ಎರಡನೆಯ ಅಧ್ಯಾಯದಲ್ಲಿ ಇದನ್ನು ಅಡಿಟಿಪ್ಪಣಿಯಾಗಿ ಬರೆದಿದ್ದೆ. ಈಗ ಅಧ್ಯಾಯಕ್ಕೇ ತರಬೇಕೆಂದಿದ್ದೇನೆ.

ಇನ್ನು ಹಂಪಿ. ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಇನ್ನೊಬ್ಬ ಮದರಾಸು ಸೈನ್ಯದ ಅಧಿಕಾರಿ 1856ರಲ್ಲಿ ಅಲ್ಲಿ ಸುಮಾರು 60 ಚಿತ್ರ ತೆಗೆದ. ಮೇಣದ ಕಾಗದವೇ, ಒಂದೂವರೆ ಅಡಿಯಷ್ಟು ದೊಡ್ಡ ನೆಗೆಟಿವ್‌ಗಳು. ಅವು ಎಲ್ಲೋ ಮೂಲೆ ಸೇರಿ, ಸುಮಾರು 1980ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಬೆಳಕಿಗೆ ಬಂದವು. ಜಾರ್ಜ್ ಮಿಶೆಲ್ ಮತ್ತು ಜಾನ್ ಫ್ರಿಟ್ಜ್ ಹಂಪಿಯಲ್ಲಿ ಸಂಶೋಧನೆ ನಡೆಸುತ್ತಿದ್ದ ದಿನಗಳವು. ಆಸ್ಟ್ರೇಲಿಯದ ಫೋಟೋಗ್ರಾಫರ್ ಜಾನ್ ಗೋಲಿಂಗ್ಸ್ 1983ರಲ್ಲಿ ಬಂದು, ಗ್ರೀನ್‌ಲಾ ನಿಂತಲ್ಲೇ ನಿಂತು ಅವೇ ನೋಟಗಳನ್ನು ಮತ್ತೆ ತೆಗೆದ. ನಡುವೆ 127 ವರ್ಷ.

ನಿಮ್ಮ ಪರ್ಸಿನಲ್ಲಿ ಐವತ್ತು ರೂಪಾಯಿಯ ಹೊಸ ನೋಟು ಇದ್ದರೆ ತಿರುಗಿಸಿ ನೋಡಿ. ವಿಠ್ಠಲ ದೇವಾಲಯದ ಕಲ್ಲಿನ ರಥ. ಅದರ ಮೇಲ್ಭಾಗ ಮೊಂಡು. ನಾವು ಅದನ್ನೇ ಅದರ ನಿಜವಾದ ರೂಪ ಎಂದುಕೊಂಡಿದ್ದೇವೆ. ಗ್ರೀನ್‌ಲಾನ ಚಿತ್ರದಲ್ಲಿ ರಥದ ತಲೆಯ ಮೇಲೆ ಇಟ್ಟಿಗೆಯ ಶಿಖರವಿದೆ! ಆಮೇಲೆ ಅದನ್ನು ತೆಗೆದುಹಾಕಿದರು. ಆ ಒಂದು ಕಾಗದ ಉಳಿಯದೆ ಹೋಗಿದ್ದರೆ ರಥಕ್ಕೆ ಶಿಖರವಿತ್ತು ಎಂಬುದನ್ನು ನಮ್ಮ ಕಣ್ಣು ನಂಬುತ್ತಿರಲಿಲ್ಲ. ಗ್ರೀನ್‌ಲಾ ಆ ದಿನ ಕ್ಯಾಮೆರಾ ನಿಲ್ಲಿಸಿದಾಗ ‘ಇದು ಮುಂದೆ ಇರುವುದಿಲ್ಲ, ಹಿಡಿದಿಡೋಣ’ ಅಂದುಕೊಂಡಿದ್ದನೇ? ನನಗೆ ಅನುಮಾನ. ಎದುರಿಗೆ ಇದ್ದುದನ್ನು ಪೂರ್ತಿಯಾಗಿ ತೆಗೆದ, ಅಷ್ಟೇ.

ಹಾಗೆ ಹಳೆಯ ಜಾಗ ಹುಡುಕಿ ನಿಲ್ಲುವುದು ಕಾಣುವಷ್ಟು ಸುಲಭವಲ್ಲ. ಫೆಬ್ರುವರಿಯಲ್ಲಿ ವಿಠ್ಠಲ ದೇವಾಲಯದ ಅಂಗಳದಲ್ಲಿ ಎರಡು ಗಂಟೆ ಒದ್ದಾಡಿದ್ದೇನೆ. ಉಪಾಯ ಇದು: ಹಳೆಯ ಚಿತ್ರದಲ್ಲಿ ಹತ್ತಿರದ ಒಂದು ಅಂಚು, ಕಂಬದ್ದೋ ಮೆಟ್ಟಿಲಿನದೋ, ಹಿಂದಿನ ಯಾವ ವಸ್ತುವನ್ನು ಎಲ್ಲಿ ಮರೆಮಾಡುತ್ತದೆ ನೋಡಿಕೊಳ್ಳಬೇಕು. ಆ ಎರಡೂ ಅದೇ ರೀತಿ ಕೂಡುವ ತನಕ ಎಡಕ್ಕೆ ಬಲಕ್ಕೆ ಸರಿಯಬೇಕು. ಆಮೇಲೆ ಇನ್ನೊಂದು ಜೋಡಿ ಹಿಡಿದು ಹಿಂದೆ ಮುಂದೆ. ಲೆನ್ಸು ಯಾವುದಾದರೂ ನಡೆಯುತ್ತದೆ. ನಿಂತ ಜಾಗ ತಪ್ಪಿದರೆ ಮಾತ್ರ ಏನು ಮಾಡಿದರೂ ಕೂಡುವುದಿಲ್ಲ. (ಹೊಸ ಲೆನ್ಸು ಕೊಳ್ಳದಿದ್ದಕ್ಕೆ ಇದು ನನ್ನ ಸಮಾಧಾನ.) ಸೆಲ್ಫಿಗೆ ನಿಂತವರ ಸಾಲಿನ ನಡುವೆ ನಾನು ಹೀಗೆ ಒಂದೊಂದು ಹೆಜ್ಜೆ ಸರಿಯುತ್ತಿದ್ದುದನ್ನು ನೋಡಿ ಕಾವಲಿನವರು ಬಂದು, ‘ಏನಾದ್ರೂ ಕಳ್ಕಂಡ್ರೇನ್ರೀ?’ ಎಂದು ಕೇಳಿದರು.

ಜಾಗ ಸಿಕ್ಕರೂ ಮುಗಿಯಲಿಲ್ಲ, ನೆರಳು ಕೂಡಬೇಕು. ಹಳೆಯ ಚಿತ್ರದ ನೆರಳು ಎಂದರೆ ಒಂದು ಪಂಚಾಂಗ. ಡಿಸೆಂಬರ್ 21ಕ್ಕೆ ಮೂವತ್ತು ದಿನ ಹಿಂದೆಯೂ ಮೂವತ್ತು ದಿನ ಮುಂದೆಯೂ ಸೂರ್ಯ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ನಡೆಯುತ್ತಾನೆ. ಹಾಗಾಗಿ ಒಂದು ನೆರಳಿಗೆ ವರ್ಷದಲ್ಲಿ ಎರಡೇ ಸರದಿ. ನವೆಂಬರ್ 21ರ ಆಸುಪಾಸಿನಲ್ಲಿ ತಪ್ಪಿದರೆ ಜನವರಿ 20ರ ಹೊತ್ತಿಗೆ ಇನ್ನೊಂದು ಅವಕಾಶ. ಅದೂ ತಪ್ಪಿದರೆ ಮುಂದಿನ ಚಳಿಗಾಲದವರೆಗೆ ಕಾಯಬೇಕು. ಗೋಡೆ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದೂ ಮುಖ್ಯ. ನಮ್ಮ ನಾಡಿನಲ್ಲಿ ಮಾರ್ಚ್ 21ರಿಂದ ಸೆಪ್ಟೆಂಬರ್ 23ರವರೆಗೆ ಸೂರ್ಯ ಪೂರ್ವದಿಂದ ತುಸು ಉತ್ತರಕ್ಕೆ ಸರಿದು ಹುಟ್ಟುತ್ತಾನೆ. ಆಗ ಉತ್ತರದ ಗೋಡೆಗೆ ಬೆಳಿಗ್ಗೆ ಓರೆ ಬಿಸಿಲು ಸವರಿಕೊಂಡು ಹೋಗುತ್ತದೆ. ಕಲ್ಲಿನ ಮೇಲಿನ ಅಕ್ಷರಕ್ಕೆ ಇದಕ್ಕಿಂತ ಒಳ್ಳೆಯ ಬೆಳಕಿಲ್ಲ. ಸವೆದ ಗೆರೆಯೂ ನೆರಳು ಹಿಡಿದು ಎದ್ದು ನಿಲ್ಲುತ್ತದೆ. ಹಂಪಿಯಲ್ಲಾದರೆ ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಮಧ್ಯಾಹ್ನದ ಸೂರ್ಯನೂ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಆದರೆ ಜೂನಿನಿಂದ ಮೋಡ. ಉಳಿಯುವುದು ಏಪ್ರಿಲ್ ಮತ್ತು ಮೇ. ಸೆಪ್ಟೆಂಬರ್ ಕಳೆದ ಮೇಲೆ ಉತ್ತರದ ಗೋಡೆಗೆ ಮಾರ್ಚ್‌ವರೆಗೆ ನೇರ ಬಿಸಿಲು ಎಂಬುದೇ ಇಲ್ಲ.

ಇದೆಲ್ಲ ಶಾಲೆಯ ಭೂಗೋಳ. ಆದರೆ ಕಾಗದದ ಮೇಲೆ ಕೂಡಿಸಿ ಕಳೆದು ನಾನು ಅರ್ಥ ಮಾಡಿಕೊಂಡದ್ದು ಈ ಡಿಸೆಂಬರಿನಲ್ಲಿ, ಹೊಸ ಪಟ್ಟಿ ಮಾಡುವಾಗ. ಅರ್ಥವಾದ ಕೂಡಲೇ ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿ ಬಂದೆ. ಆ ಅರವತ್ತಮೂರನೆಯ ಫೋಟೋ ನೆನಪಾಗಿತ್ತು.

ನನ್ನ ಅಜ್ಜಿಯ ಊರು ಶಿಕಾರಿಪುರದ ಕಡೆ. ಬಳ್ಳಿಗಾವೆಗೆ, ತಾಳಗುಂದಕ್ಕೆ ಹೋಗುವಾಗಲೆಲ್ಲ ಅಲ್ಲೇ ಇಳಿದುಕೊಳ್ಳುತ್ತೇನೆ. ಬಸ್ಸು ಇಳಿದು ಕೆರೆ ಏರಿಯ ಮೇಲೆ ನಡೆದರೆ ಕೋಡಿಯ ಹತ್ತಿರ ಒಂದು ವೀರಗಲ್ಲು. ಊರವರು ಅದನ್ನು ಕುದುರೆ ಕಲ್ಲು ಎನ್ನುತ್ತಾರೆ. ಮೂರು ಅಂಕಣದ ಮಾಮೂಲು ಕಲ್ಲು: ಕೆಳಗೆ ಯುದ್ಧ, ಅಲ್ಲೊಂದು ಕುದುರೆ, ನಡುವೆ ವೀರನನ್ನು ಮೇಲಕ್ಕೆ ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ಅಂಕಣಗಳ ನಡುವಿನ ಪಟ್ಟಿಯಲ್ಲಿ ಎರಡು ಸಾಲು ಅಕ್ಷರ. ಚಿಕ್ಕಂದಿನಲ್ಲಿ ಅದಕ್ಕೆ ಒರಗಿ ಕೂತು ನಾನು ಕಬ್ಬು ತಿಂದಿದ್ದೇನೆ. ಅದು ಯಾವ ಪಟ್ಟಿಯಲ್ಲೂ ಸೇರಿದ್ದು ನನಗೆ ಕಾಣಲಿಲ್ಲ. ನನ್ನ ನಲವತ್ತರ ಪಟ್ಟಿಯಲ್ಲೂ ಇರಲಿಲ್ಲ, ಏಕೆಂದರೆ ಅದು ದೇವಸ್ಥಾನವಲ್ಲ, ಮತ್ತೆ ಅದು ಮನೆಯ ಹತ್ತಿರ. ಯಾವಾಗ ಬೇಕಾದರೂ ತೆಗೆಯಬಹುದಿತ್ತು.

ಜುಲೈನಲ್ಲಿ ತಾಳಗುಂದದಿಂದ ಮರಳುವಾಗ ಅದರ ಮುಂದೆ ನಿಂತೆ. ಮೋಡ ಮುಚ್ಚಿದ ಮಧ್ಯಾಹ್ನ. ಕಲ್ಲಿನ ಮೇಲೆ ಪಾಚಿ, ಯಾರೋ ಎರೆದ ಎಣ್ಣೆ. ಒಂದು ಗಂಟೆಯ ಬಸ್ಸು ಹಿಡಿಯಬೇಕಿತ್ತು. ಮೂರು ಫೋಟೋ ತೆಗೆದೆ. ಸಮಯ 12:47 ಎಂದು ಫೈಲಿನಲ್ಲಿದೆ. ಅಕ್ಷರ ಕಾಣುತ್ತಿಲ್ಲವೆಂದು ಆಗಲೇ ಗೊತ್ತಾಗಿತ್ತು. ಮಳೆ ಮುಗಿಯಲಿ, ಒಳ್ಳೆಯ ಬಿಸಿಲಿನಲ್ಲಿ ಬಂದರಾಯಿತು ಅಂದುಕೊಂಡೆ. ಕಲ್ಲಿನ ಮುಖ ಉತ್ತರಕ್ಕಿತ್ತು. ಮಳೆ ಮುಗಿದ ಮೇಲೆ ಅದಕ್ಕೆ ಬಿಸಿಲೇ ಬೀಳುತ್ತಿರಲಿಲ್ಲ. ಅಂದರೆ ನಾನು ಮುಂದೂಡಿದ್ದು ಬರಲಾರದ ದಿನಕ್ಕೆ. ಆವತ್ತು ರಾತ್ರಿ ಅಜ್ಜಿ ಮನೆಯಲ್ಲಿ ಉಳಿದು, ಕತ್ತಲಾದ ಮೇಲೆ ಒಂದು ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿದಿದ್ದರೆ ಹತ್ತು ನಿಮಿಷದ ಕೆಲಸ. ಈ ವಿದ್ಯೆಯನ್ನು ನಾನೇ ಜೂನಿಯರ್‌ಗಳಿಗೆ ಹೇಳಿಕೊಟ್ಟಿದ್ದೇನೆ.

ಮಳೆ ನಿಲ್ಲಲಿ ಎಂದು ಕಾಯುತ್ತಿದ್ದವಳು ನಾನೊಬ್ಬಳೇ ಅಲ್ಲ. ಏರಿಯ ರಸ್ತೆ ಅಗಲ ಮಾಡುವ ಕೆಲಸವೂ ಅದಕ್ಕೇ ಕಾಯುತ್ತಿತ್ತಂತೆ. ದೀಪಾವಳಿಗೆ ಹೋದಾಗ ಕಲ್ಲು ಎರಡು ತುಂಡಾಗಿತ್ತು. ಮೇಲಿನ ತುಂಡನ್ನು ಯಾರೋ ಪುಣ್ಯಾತ್ಮರು ಮಾರಮ್ಮನ ಗುಡಿಯ ಗೋಡೆಗೆ ಒರಗಿಸಿದ್ದರು. ಲಿಂಗ, ವೀರ, ಅಪ್ಸರೆಯರು ಎಲ್ಲ ಕ್ಷೇಮ. ಅಕ್ಷರದ ಪಟ್ಟಿ ಮತ್ತು ಕುದುರೆ ಇದ್ದ ಕೆಳಗಿನ ತುಂಡು ಇಲ್ಲ. ಮಣ್ಣಿನ ಜೊತೆ ಏರಿಯೊಳಗೆ ಹೋಗಿರಬೇಕು ಅಂತ ಕೆಲವರು, ಯಾರೋ ಮನೆಗೆ ಒಯ್ದರು ಅಂತ ಕೆಲವರು. ಅಜ್ಜಿ ಹೇಳಿದ್ದು ಇಷ್ಟೇ: ‘ಅಲ್ವೇ ಮಾರಾಯ್ತಿ, ಹಂಪಿ ಗಿಂಪಿ ಅಂತ ಅಷ್ಟ್ ದೂರ ಹೋಗಿ ಫೋಟೋ ಹೊಡೀತೀಯ. ಈ ಕಲ್ಲು ಕಾಣ್ಲೇ ಇಲ್ವಾ ನಿಂಗೆ?’

ಆ ಮೂರು ಫೋಟೋಗಳನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ, ಕಪ್ಪು ಬಿಳುಪು ಮಾಡಿ, ಏನೇನೋ ಮಾಡಿ ನೋಡಿದ್ದೇನೆ. ಮೊದಲ ಸಾಲಿನ ಆರಂಭ ಓದಬಹುದು: ಸ್ವಸ್ತಿ ಶ್ರೀ. ಶಾಸನಗಳನ್ನು ಓದಿದವರಿಗೆ ಗೊತ್ತು, ಅದು ಎಷ್ಟೋ ಶಾಸನಗಳ ಮೊದಲ ಮಾತು. ಅದರ ಮುಂದೆ ಒಂದು ಹೆಸರಿತ್ತು. ಕುದುರೆಯ ಜೊತೆ ಸತ್ತವನ ಹೆಸರು. ಅಲ್ಲಿ ನನ್ನ ಚಿತ್ರದಲ್ಲಿರುವುದು ಎಣ್ಣೆಯ ಹೊಳಪು.

ಗೈಡ್ ಮೇಡಂಗೆ ಹೇಳಿದಾಗ ಅವರು ಬೈಯಲಿಲ್ಲ. ‘ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ’ ಎಂದು ಹೇಳಿ ಚಹಾ ತರಿಸಿದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಸರಿ, ಹೊಸ ಪಟ್ಟಿ. ಮೊದಲ ಸಾಲಿನಲ್ಲಿ ದಿನಗಳ ಲೆಕ್ಕ. ವರ್ಷಕ್ಕೆ ಭಾನುವಾರ, ರಜೆ ಎಲ್ಲ ಸೇರಿಸಿ, ಅದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡುವ ಕಾಲೇಜಿನ ಪರೀಕ್ಷೆ ಕೆಲಸ ಕಳೆದು, ಮಳೆಯ ಮೂರು ತಿಂಗಳು ಕಳೆದು, ಬಸ್ಸಿನಲ್ಲೇ ಕಳೆಯುವ ದಿನ ಕಳೆದು, ಅಧ್ಯಾಯ ಬರೆಯಲು ಬೇಕಾದ ವಾರಗಳನ್ನು ಕಳೆದರೆ ನನಗೆ ಉಳಿದದ್ದು 29. ಟ್ರೈಪ್‌ಗಿಂತ ಏಳು ಕಡಿಮೆ. ನಲವತ್ತು ದೇವಸ್ಥಾನ ಎಂದು ಬರೆದವಳ ತಲೆಯಲ್ಲಿ ಏನಿತ್ತೋ!

29 ದಿನಕ್ಕೆ ಊರುಗಳನ್ನು ಹಂಚುವಾಗ ಈ ಸಲ ಹೆಸರಿನ ದೊಡ್ಡಸ್ತಿಕೆ ನೋಡಲಿಲ್ಲ. ಗೋಡೆಯ ದಿಕ್ಕು ನೋಡಿದೆ. ದಕ್ಷಿಣಕ್ಕೆ ಮುಖ ಮಾಡಿದವು ಜನವರಿ ಫೆಬ್ರುವರಿಗೆ. ಉತ್ತರದವು ಏಪ್ರಿಲ್ ಮೇಗೆ. ಬಿಗ್ಸ್, ಪಿಗೊ, ನೀಲ್ ತೆಗೆದ ನೋಟಗಳಲ್ಲಿ ಒಂಬತ್ತನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಒಂದೊಂದಕ್ಕೂ ಎರಡು ದಿನ, ಒಂದು ದಿನ ಮೋಡ ಬರಲಿ ಎಂಬ ಧೈರ್ಯಕ್ಕೆ. ಹಳೆಯ ನೋಟ ಕೂಡಿದ ಮೇಲೆ ಕ್ಯಾಮೆರಾ ಕದಲಿಸದೆ ಅಲ್ಲೇ ಹಿಂದಕ್ಕೆ ತಿರುಗಿ ಇನ್ನೊಂದು ಚಿತ್ರ ತೆಗೆಯಬೇಕು. ಸೈನ್ಯದ ಆ ಅಧಿಕಾರಿಗಳು ದೇವಸ್ಥಾನದ ಕಡೆಗೇ ಮುಖ ಮಾಡಿ ನಿಂತರು. ಅವರ ಬೆನ್ನ ಹಿಂದೆ ಊರಿತ್ತು. ಗಾಡಿ ಹೊಡೆದವರು, ನೀರು ತಂದವರು, ಡೇರೆ ಕಟ್ಟಿದವರು ಅಲ್ಲೇ ನಿಂತಿದ್ದರು. ಆ ಕಡೆಯ ಒಂದು ಚಿತ್ರ ಸಿಕ್ಕಿದ್ದರೆ ನನ್ನ ಮೂರನೆಯ ಅಧ್ಯಾಯ ಬೇರೆಯೇ ಆಗುತ್ತಿತ್ತು. ನೂರು ವರ್ಷದ ಮೇಲೆ ಬರುವ ಇನ್ಯಾವುದೋ ಹುಡುಗಿಯ ಮೂರನೆಯ ಅಧ್ಯಾಯಕ್ಕಾದರೂ ಇರಲಿ.

ಪ್ರತಿ ಚಿತ್ರಕ್ಕೂ ನೋಟ್‌ಬುಕ್ಕಿನಲ್ಲಿ ಅಲ್ಲೇ ನಿಂತು ಬರೆಯುವುದು: ದಿನ, ಹೊತ್ತು, ದಿಕ್ಕು, ಕಲ್ಲಿನಿಂದ ಎಷ್ಟು ಹೆಜ್ಜೆ, ಊರವರು ಅದನ್ನು ಏನೆಂದು ಕರೆಯುತ್ತಾರೆ. ಫೋನು ಇದರಲ್ಲಿ ಕೆಲವನ್ನು ತಾನೇ ಬರೆದುಕೊಳ್ಳುತ್ತದೆ, ಕೊನೆಯದನ್ನು ಬರೆದುಕೊಳ್ಳುವುದಿಲ್ಲ. ಟಾರ್ಚು ಎರಡು, ಹೊಸದು. ಲೆನ್ಸಿನ ಸಾಲು ಹೊಡೆದುಹಾಕಿದೆ.

29ರಲ್ಲಿ ಐದು ದಿನ ಅಜ್ಜಿಯ ಊರಿಗೆ. ಸುತ್ತಲಿನ ಏಳು ಹಳ್ಳಿಗಳಲ್ಲಿ ಕೆರೆ ಏರಿ, ಗುಡಿಯ ಹಿಂದೆ, ಹೊಲದ ಬದುವಿನಲ್ಲಿರುವ ವೀರಗಲ್ಲು, ಮಾಸ್ತಿಗಲ್ಲು ಏನಿವೆಯೋ ಅವೆಲ್ಲ. ಇದು ಪ್ರಬಂಧಕ್ಕೆ ಬೇಕಾದದ್ದಲ್ಲ. ‘ಬೇಡ ಅನ್ನಲ್ಲ, ಆದರೆ ಆಗಸ್ಟಿಗೆ ನಾಲ್ಕನೇ ಅಧ್ಯಾಯ ನನ್ನ ಮೇಜಿನ ಮೇಲಿರಬೇಕು’ ಎಂದಿದ್ದಾರೆ ಮೇಡಂ.

ಮೊನ್ನೆ ಅಜ್ಜಿಗೆ ಫೋನ್ ಮಾಡಿ, ಸಂಕ್ರಾಂತಿಗೆ ಬರುತ್ತೇನೆ, ಊರಿನಲ್ಲಿ ಯಾರ ಮನೆಯಲ್ಲಾದರೂ ಕುದುರೆ ಕಲ್ಲಿನ ಹಳೆಯ ಫೋಟೋ ಇದೆಯಾ ವಿಚಾರಿಸಿಡು ಎಂದೆ. ಕಲ್ಲಿನ ಫೋಟೋ ಯಾರು ತೆಗಿತಾರೆ ಎಂದು ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಅವರೇ ಫೋನ್ ಮಾಡಿದರು. ಪಕ್ಕದ ಮನೆಯವರ ದೊಡ್ಡ ಮಗಳ ಮದುವೆಯ ದಿಬ್ಬಣ ಕೆರೆ ಏರಿಯ ಮೇಲೇ ಬಂದಿತ್ತಂತೆ. ವ್ಯಾನು ಕೆಟ್ಟು ಎಲ್ಲರೂ ಅಲ್ಲೇ ಇಳಿದು, ಕಲ್ಲಿನ ಹತ್ತಿರ ಗಂಡು ಹೆಣ್ಣನ್ನು ನಿಲ್ಲಿಸಿ ಫೋಟೋದವನು ಫೋಟೋ ತೆಗೆದಿದ್ದನಂತೆ. ಆಲ್ಬಮ್ಮು ಈಗ ಹರಿಹರದಲ್ಲಿ, ಮಗಳ ಹತ್ತಿರ.

‘ಮದುವೆ ಯಾವ ತಿಂಗಳು ಅಜ್ಜಿ?’

‘ವೈಶಾಖ. ಬಸವ ಜಯಂತಿ ಕಳ್ದು ನಾಕ್ ದಿನಕ್ಕೆ.’

ಅಂದರೆ ಹೆಚ್ಚುಕಡಿಮೆ ಮೇ. ‘ದಿಬ್ಬಣ ಬಂದಾಗ ಎಷ್ಟು ಹೊತ್ತು?’

‘ಬೆಳಿಗ್ಗೇನೇ. ನಾವಿನ್ನೂ ತಿಂಡಿ ತಿಂದಿರ್ಲಿಲ್ಲ.’

‘ಬಿಸಿಲಿತ್ತಾ?’

‘ಅದೆಲ್ಲ ಯಾಕೇ ನಿಂಗೆ?’ ಎಂದರು ಅಜ್ಜಿ. ನಾನು ಡೈರಿ ತೆಗೆದು ಜನವರಿಯ ಮೊದಲ ಭಾನುವಾರದ ಮುಂದೆ ಹರಿಹರ ಎಂದು ಬರೆದೆ.